ನೀವೇ ಬರೆದ ಎಲ್‌ಜೆಡ್4 ಕೋಡ್ ಎಲ್ಲಿ ಕೈಕೊಡುತ್ತಿದೆ? ದೋಷ ಹುಡುಕುವ ದಾರಿ

ಎಲ್‌ಜೆಡ್4 (LZ4) ಅಂದರೆ ಡೇಟಾವನ್ನು ಕುಗ್ಗಿಸುವ ಒಂದು ವಿಧಾನ. ಅದರ ಬ್ಲಾಕ್ ಫಾರ್ಮ್ಯಾಟ್‌ನ ವಿವರಣೆ ತುಂಬಾ ಚಿಕ್ಕದು. ಒಂದು ಸಂಜೆ ಕೂತರೆ ಓದಿ ಮುಗಿಯುತ್ತದೆ, ಇನ್ನೊಂದು ಸಂಜೆಗೆ ಡಿಕೋಡರ್ (ಕುಗ್ಗಿಸಿದ್ದನ್ನು ಬಿಚ್ಚುವ ಕೋಡ್) ಬರೆದೂ ಮುಗಿಯುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಚಿಕ್ಕ ಫೈಲ್ ಸರಿಯಾಗಿ ಬರುತ್ತದೆ, ದೊಡ್ಡದು ಬರುವುದಿಲ್ಲ. ಇಂಗ್ಲಿಷ್ ಪಠ್ಯ ಸರಿ, ಕನ್ನಡ ಪಠ್ಯ ಹಾಳು. ನಿಮ್ಮ ಕೋಡ್ ಕುಗ್ಗಿಸಿದ್ದನ್ನು ನಿಮ್ಮ ಕೋಡೇ ಬಿಚ್ಚುತ್ತದೆ, ಬೇರೆ ಯಾವ ಲೈಬ್ರರಿಯೂ ಒಪ್ಪುವುದಿಲ್ಲ. ನಾನು ಇದನ್ನು ಮೊದಲು ಸಿ ಭಾಷೆಯಲ್ಲಿ, ಆಮೇಲೆ ಜಾವಾದಲ್ಲಿ ಬರೆದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನವು ಆಗ ಎದುರಾದವೇ.

ಹುಡುಕುವ ಮೊದಲು ಒಂದು ಕೆಲಸ ಮಾಡಿ. ‘ಕುಗ್ಗಿಸಿ ಬಿಚ್ಚಿ ನೋಡಿದೆ, ಮೂಲ ವಾಪಸ್ ಬಂತು’ ಅನ್ನುವ ಪರೀಕ್ಷೆಯನ್ನು ನಂಬುವುದು ಬಿಡಿ. ಎರಡೂ ಕಡೆ ಬರೆದವರು ನೀವೇ ಆದ್ದರಿಂದ ಫಾರ್ಮ್ಯಾಟ್ ಅನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅದೇ ತಪ್ಪು ಎರಡೂ ಕಡೆ ಇರುತ್ತದೆ, ಒಂದನ್ನೊಂದು ಮುಚ್ಚಿಹಾಕುತ್ತದೆ. ನಾನು ಆಫ್‌ಸೆಟ್‌ನ (ನಕಲು ಮಾಡಲು ಎಷ್ಟು ಬೈಟ್ ಹಿಂದೆ ಹೋಗಬೇಕು ಅನ್ನುವ ಸಂಖ್ಯೆಯ) ಎರಡು ಬೈಟ್‌ಗಳನ್ನು ಉಲ್ಟಾ ಕ್ರಮದಲ್ಲಿ ಬರೆದು ಉಲ್ಟಾ ಕ್ರಮದಲ್ಲೇ ಓದುತ್ತಿದ್ದೆ. ಎಷ್ಟು ಫೈಲ್ ಹಾಕಿದರೂ ಪರೀಕ್ಷೆ ಪಾಸ್. ಮೊದಲ ಸಲ ಬೇರೆ ಲೈಬ್ರರಿಗೆ ಕೊಟ್ಟಾಗ ಎರಡನೇ ಸೆಕೆಂಡಿಗೇ ತಪ್ಪು ಗೊತ್ತಾಯಿತು. ಹಾಗಾಗಿ ಯಾನ್ ಕೋಲೆ 2011ರಲ್ಲಿ ಹೊರತಂದ, ಈಗಲೂ ಎಲ್ಲರೂ ಅಳತೆಗೋಲಾಗಿ ಬಳಸುವ ಮೂಲ ಲೈಬ್ರರಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ಕಂಪ್ರೆಸರ್ ಕೊಟ್ಟಿದ್ದನ್ನು ಅದರ ಡಿಕೋಡರ್‌ಗೆ ಕೊಡಿ, ಅದರ ಕಂಪ್ರೆಸರ್ ಕೊಟ್ಟಿದ್ದನ್ನು ನಿಮ್ಮ ಡಿಕೋಡರ್‌ಗೆ ಕೊಡಿ. ಯಾವ ಕಡೆ ಮುರಿಯುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಒಂದು ಮಾತು, ಕುಗ್ಗಿಸಿದ ಬೈಟ್‌ಗಳು ಮೂಲ ಲೈಬ್ರರಿಯ ಬೈಟ್‌ಗಳಂತೆಯೇ ಇರಬೇಕು ಅಂತೇನಿಲ್ಲ. ಮ್ಯಾಚ್ (ಹಿಂದೆ ಬಂದ ಬೈಟ್‌ಗಳೇ ಮತ್ತೆ ಬರುವ ಜಾಗ) ಎಲ್ಲಿ ಹಿಡಿಯಬೇಕು ಅನ್ನುವುದು ಕಂಪ್ರೆಸರ್‌ನ ಇಷ್ಟ. ಬಿಚ್ಚಿದಾಗ ಮೂಲ ಬರಬೇಕು, ನಿಯಮ ಮುರಿಯಬಾರದು, ಅಷ್ಟೇ.

13 ಬೈಟ್‌ಗಳನ್ನು ಕೈಯಲ್ಲೇ ಬಿಚ್ಚಿ

ದೊಡ್ಡ ಫೈಲ್ ಹಾಕಿ ಡೀಬಗರ್ ತೆರೆದು ಕೂರಬೇಡಿ. ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಬ್ಲಾಕ್ ಸಾಕು. ನಾನು ಯಾವಾಗಲೂ ಇದನ್ನು ಬಳಸುತ್ತೇನೆ: ‘ಕ’ ಅಕ್ಷರ ಸತತವಾಗಿ ಹತ್ತು ಸಲ. ಯುಟಿಎಫ್-8ರಲ್ಲಿ ಒಂದು ಕ ಅಂದರೆ 3 ಬೈಟ್: 224, 178, 149. ಒಟ್ಟು 30 ಬೈಟ್. ಅದರ ಎಲ್‌ಜೆಡ್4 ಬ್ಲಾಕ್ ಹೀಗಿರುತ್ತದೆ:

63, 224, 178, 149, 3, 0, 3, 80, 178, 149, 224, 178, 149

ಒಂದೊಂದಾಗಿ ನೋಡೋಣ. 63 ಅನ್ನುವುದು ಟೋಕನ್, ಅಂದರೆ ಉದ್ದಗಳನ್ನು ಹೇಳುವ ಬೈಟ್. ಅದರ ಮೇಲಿನ 4 ಬಿಟ್ 3, ಕೆಳಗಿನ 4 ಬಿಟ್ 15. ಮೇಲಿನದು ಲಿಟರಲ್‌ಗಳ ಸಂಖ್ಯೆ, ಅಂದರೆ ಮುಂದಿನ 3 ಬೈಟ್‌ಗಳನ್ನು ಹಾಗೇ ನಕಲು ಮಾಡಬೇಕು: 224, 178, 149. ಒಂದು ಕ ಬಂತು. ಆಮೇಲೆ ಆಫ್‌ಸೆಟ್, ಎರಡು ಬೈಟ್, ಚಿಕ್ಕ ಬೈಟ್ ಮೊದಲು: 3, 0. ಅಂದರೆ 3 ಬೈಟ್ ಹಿಂದೆ ಹೋಗಿ ಅಲ್ಲಿಂದ ನಕಲು ಮಾಡು. ಎಷ್ಟು? ಕೆಳಗಿನ 4 ಬಿಟ್ 15 ಇದೆ. 15 ಅಂದರೆ ‘ಇನ್ನೂ ಇದೆ, ಮುಂದಿನ ಬೈಟ್ ನೋಡು’ ಅಂತ. ಮುಂದಿನ ಬೈಟ್ 3. ಒಟ್ಟು 18. ಅದಕ್ಕೆ 4 ಕೂಡಿಸಬೇಕು, ಯಾಕೆಂದರೆ ಈ ಫಾರ್ಮ್ಯಾಟ್‌ನಲ್ಲಿ 4 ಬೈಟ್‌ಗಿಂತ ಚಿಕ್ಕ ಮ್ಯಾಚ್ ಇಲ್ಲವೇ ಇಲ್ಲ. 22 ಬೈಟ್. ಈಗ 25 ಬೈಟ್ ಆಯಿತು. ಮುಂದಿನ ಟೋಕನ್ 80: ಮೇಲೆ 5, ಕೆಳಗೆ 0. ಉಳಿದ 5 ಬೈಟ್ ಲಿಟರಲ್, ಅಲ್ಲಿಗೆ ಬ್ಲಾಕ್ ಮುಗಿಯಿತು. ಒಂದು ಟೋಕನ್ ಮತ್ತು ಅದರ ಜೊತೆ ಬರುವುದೆಲ್ಲ ಸೇರಿ ಒಂದು ಸೀಕ್ವೆನ್ಸ್, ಕೊನೆಯ ಸೀಕ್ವೆನ್ಸ್‌ಗೆ ಆಫ್‌ಸೆಟ್ ಇರುವುದಿಲ್ಲ.

ಇದನ್ನು ನಿಮ್ಮ ಡಿಕೋಡರ್‌ಗೆ ಕೊಡಿ. ಏನು ಬಂತು ಅನ್ನುವುದೇ ಎಲ್ಲಿ ತಪ್ಪಿದೆ ಅಂತ ಹೇಳುತ್ತದೆ.

26 ಬೈಟ್ ಬಂದರೆ ನೀವು ಆ 4 ಕೂಡಿಸಿಲ್ಲ. ದೊಡ್ಡ ಫೈಲ್‌ನಲ್ಲೂ ಇದೇ ಲಕ್ಷಣ, ಎಷ್ಟು ಮ್ಯಾಚ್ ಇದೆಯೋ ಅಷ್ಟು ನಾಲ್ಕು ಬೈಟ್ ಕಡಿಮೆ. ಆಫ್‌ಸೆಟ್ 3ರ ಬದಲು 768 ಅಂತ ಬಂದರೆ, ಹೆಚ್ಚುವರಿ ಉದ್ದದ ಬೈಟ್ ಅನ್ನು ಆಫ್‌ಸೆಟ್‌ಗಿಂತ ಮೊದಲೇ ಓದುತ್ತಿದ್ದೀರಿ. ಲಿಟರಲ್‌ನ ಹೆಚ್ಚುವರಿ ಬೈಟ್‌ಗಳು ಟೋಕನ್‌ನ ಬೆನ್ನಿಗೇ ಬರುತ್ತವೆ, ಮ್ಯಾಚ್‌ನವು ಆಫ್‌ಸೆಟ್ ಆದ ಮೇಲೆ. ಇದು ನನಗೆ ತಿಳಿದ ಮಟ್ಟಿಗೆ ಎಲ್ಲರೂ ಒಂದು ಸಲವಾದರೂ ಎಡವುವ ಜಾಗ. ಬ್ಲಾಕ್‌ನ ಕೊನೆಗೆ ಬಂದು ‘ಇನ್ನೂ 2 ಬೈಟ್ ಬೇಕಿತ್ತು’ ಅಂತ ಎರರ್ ಬಂದರೆ, ಕೊನೆಯ ಸೀಕ್ವೆನ್ಸ್‌ಗೂ ಆಫ್‌ಸೆಟ್ ಹುಡುಕುತ್ತಿದ್ದೀರಿ.

ಎರಡು ಕ ಸರಿಯಾಗಿ ಬಂದು ಆಮೇಲೆ ಕಸ ಬಂತಾ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಫ್‌ಸೆಟ್ 3, ನಕಲು ಮಾಡಬೇಕಾದ್ದು 22 ಬೈಟ್. ಆದರೆ ಆ ಕ್ಷಣದಲ್ಲಿ ಇರುವುದೇ 3 ಬೈಟ್! ಉಳಿದ 19 ಎಲ್ಲಿಂದ ಬರಬೇಕು? ಈಗ ತಾನೇ ಬರೆದ ಬೈಟ್‌ಗಳಿಂದ. ಮೊದಲ 3 ಬೈಟ್ ನಕಲು ಮಾಡಿದಾಗ ಎರಡನೇ ಕ ಹುಟ್ಟುತ್ತದೆ, ಅದನ್ನೇ ಓದಿ ಮೂರನೆಯದು, ಅದರಿಂದ ನಾಲ್ಕನೆಯದು. ಒಂದೊಂದೇ ಬೈಟ್ ಆಗಿ ಎಡದಿಂದ ಬಲಕ್ಕೆ ನಕಲು ಮಾಡಿದರೆ ಇದು ತಾನಾಗಿಯೇ ಸರಿಹೋಗುತ್ತದೆ. ಸಿ ಭಾಷೆಯ ನಕಲು ಫಂಕ್ಷನ್ ಮೆಮ್‌ಕಾಪಿ ಬಳಸಿದರೆ ಏನಾಗುತ್ತದೋ ಹೇಳಲು ಬರುವುದಿಲ್ಲ. ‘ಒಂದರ ಮೇಲೊಂದು ಬಿದ್ದರೂ ಸುರಕ್ಷಿತ’ ಅಂತ ಮೆಮ್‌ಮೂವ್ ಹಾಕಿದರೆ ಗ್ಯಾರಂಟಿ ತಪ್ಪು, ಯಾಕೆಂದರೆ ಅದು ಮೂಲದ ಹಳೆಯ ಬೈಟ್‌ಗಳನ್ನು ಕಾಪಾಡಿ ನಕಲು ಮಾಡುತ್ತದೆ, ನಮಗೆ ಬೇಕಾಗಿರುವುದು ಹೊಸ ಬೈಟ್‌ಗಳು. ಜಾವಾದ ಸಿಸ್ಟಮ್.ಅರೇಕಾಪಿ, ಗೋ ಭಾಷೆಯ ಕಾಪಿ ಎರಡೂ ಮೆಮ್‌ಮೂವ್ ಥರವೇ. ಜಾವಾದಲ್ಲಿ ಹೊಸ ಅರೇ ಮೇಲೆ ಹೀಗೆ ಮಾಡಿದರೆ ಎರಡು ಕ, ಆಮೇಲೆ 19 ಸೊನ್ನೆ ಬೈಟ್, ಆಮೇಲೆ ಕೊನೆಯ 5 ಬೈಟ್ ಬರುತ್ತದೆ. ಅಷ್ಟು ಖಚಿತವಾಗಿ ಎಣಿಸಬಹುದು.

ವೇಗಕ್ಕಾಗಿ 8 ಬೈಟ್ ಒಟ್ಟಿಗೆ ಎತ್ತಿ ಹಾಕುವವರಿಗೂ ಇದೇ ತೊಂದರೆ. ಆಫ್‌ಸೆಟ್ 8ಕ್ಕಿಂತ ಚಿಕ್ಕದಿದ್ದರೆ ಬೇರೆ ದಾರಿ ಬೇಕು. ಮೊದಲು ಒಂದೊಂದೇ ಬೈಟ್‌ನ ಲೂಪ್ ಬರೆದು ಎಲ್ಲಾ ಪರೀಕ್ಷೆ ಪಾಸ್ ಮಾಡಿಸಿ, ಆಮೇಲೆ ವೇಗದ ಕಡೆ ನೋಡಿ. ಜೊತೆಗೆ 8ರ ಹೆಜ್ಜೆಯಲ್ಲಿ ಹೋದರೆ ಬಫರ್‌ನ ಕೊನೆಯನ್ನು 7 ಬೈಟ್‌ವರೆಗೂ ದಾಟಿ ಬರೆಯುವ ಸಾಧ್ಯತೆ ಇದೆ. ನಿಮ್ಮ ಮಷಿನ್‌ನಲ್ಲಿ ಏನೂ ಆಗದೆ ಸುಮ್ನೆ ನಡೆಯುತ್ತದೆ, ಬೇರೆಯವರ ಮಷಿನ್‌ನಲ್ಲಿ ಕ್ರ್ಯಾಶ್. ಸಿ ಅಥವಾ ಸಿ++ ಆದರೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಟೂಲ್) ಹಾಕಿ ಓಡಿಸಿ, ಒಂದೇ ಓಟಕ್ಕೆ ಸಾಲಿನ ನಂಬರ್ ಸಮೇತ ಹೇಳುತ್ತದೆ.

ಇನ್ನೊಂದು ಗಮನಿಸಿದಿರಾ? ಕೊನೆಯ 5 ಬೈಟ್ 178ರಿಂದ ಶುರುವಾಗುತ್ತದೆ, ಅಂದರೆ ಒಂದು ಅಕ್ಷರದ ನಡುವಿನಿಂದ. ಕಂಪ್ರೆಸರ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಲಿಟರಲ್‌ಗಳನ್ನೋ ಬ್ಲಾಕ್‌ಗಳನ್ನೋ ಒಂದೊಂದಾಗಿ ಸ್ಟ್ರಿಂಗ್ ಮಾಡಿ ಜೋಡಿಸಿದರೆ ಕನ್ನಡದಲ್ಲಿ ಅಲ್ಲಲ್ಲಿ ಪ್ರಶ್ನೆ ಗುರುತಿನ ಡಬ್ಬಿಗಳು ಬರುತ್ತವೆ. 65536 ಅನ್ನುವುದು 3ರಿಂದ ಸರಿಯಾಗಿ ಭಾಗವಾಗುವುದಿಲ್ಲವಲ್ಲ, 64 ಕೆಬಿ ಬ್ಲಾಕ್‌ನ ಗಡಿಯಲ್ಲಿ ಅಕ್ಷರ ಒಡೆಯುವುದು ಸಹಜ. ಎಲ್ಲಾ ಬೈಟ್ ಸೇರಿಸಿದ ಮೇಲೆ ಒಂದೇ ಸಲ ಪಠ್ಯವಾಗಿ ಓದಿ.

ಇಂಗ್ಲಿಷ್ ಸರಿ, ಕನ್ನಡ ಮಾತ್ರ ಹಾಳು

ನನ್ನನ್ನು ತುಂಬಾ ಕಾಡಿದ್ದು ಇದೇ. ಫೈಲ್‌ನ ಗಾತ್ರ ಸರಿಯಾಗಿ ಇತ್ತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಮೂಲ ಲೈಬ್ರರಿಯೂ ತಕರಾರಿಲ್ಲದೆ ಬಿಚ್ಚುತ್ತಿತ್ತು. ಆದರೆ ‘ಕನ್ನಡದ’ ಅಂತ ಶುರುವಾಗುವ ಫೈಲ್ ಬಿಚ್ಚಿದಾಗ ‘ಕಕ್ಕಕದ’ ಅಂತ ಬಂತು.

ಕಾರಣ ಜಾವಾದಲ್ಲಿ ಬೈಟ್‌ಗೆ ಚಿಹ್ನೆ ಇರುವುದು. 127ಕ್ಕಿಂತ ದೊಡ್ಡ ಬೈಟ್ ಮೈನಸ್ ಸಂಖ್ಯೆ ಆಗುತ್ತದೆ, 224 ಅಂದರೆ -32. ಮ್ಯಾಚ್ ಹುಡುಕಲು 4 ಬೈಟ್‌ಗಳನ್ನು ಸೇರಿಸಿ ಒಂದು 32 ಬಿಟ್ ಸಂಖ್ಯೆ ಮಾಡುತ್ತೇವಲ್ಲ, ಮೊದಲ ಬೈಟ್ -32 ಆದಾಗ ಮೇಲಿನ 24 ಬಿಟ್ ಎಲ್ಲವೂ 1 ಆಗಿಬಿಡುತ್ತವೆ. ಅದರ ಮೇಲೆ ಉಳಿದ ಮೂರು ಬೈಟ್‌ಗಳನ್ನು ಆರ್ ಮಾಡಿದರೆ ಏನೂ ಬದಲಾಗುವುದಿಲ್ಲ. ಫಲ ಏನು? 224ರಿಂದ ಶುರುವಾಗುವ ಎಲ್ಲಾ ಜಾಗಗಳೂ ಒಂದೇ ಸಂಖ್ಯೆ. ಕನ್ನಡದ ಪ್ರತಿ ಅಕ್ಷರವೂ 224ರಿಂದಲೇ ಶುರು! ಹಾಗಾಗಿ ಕಂಪ್ರೆಸರ್ ಕಣ್ಣಿಗೆ ನ ಕೂಡ ಕ, ಡ ಕೂಡ ಕ. ‘ಸಿಕ್ಕಿತು ಮ್ಯಾಚ್’ ಅಂತ ಹಿಂದಿನ ಕ ಕಡೆ ಬೆರಳು ತೋರಿಸುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ಕ್ಕಿಂತ ಕೆಳಗೆ ಇರುವುದರಿಂದ ಅಲ್ಲಿ ಈ ತಪ್ಪು ಒಂದು ಸಲವೂ ಕಾಣುವುದಿಲ್ಲ.

ಪರಿಹಾರ ಸುಲಭ, ಬೈಟ್ ಓದುವ ಪ್ರತಿ ಕಡೆಯೂ ‘& 255’ ಹಾಕಿ. ಪ್ರತಿ ಕಡೆ ಅಂದರೆ ಪ್ರತಿ ಕಡೆ: ಟೋಕನ್ (8 ಅಥವಾ ಜಾಸ್ತಿ ಲಿಟರಲ್ ಇದ್ದರೆ ಟೋಕನ್ ಮೈನಸ್ ಆಗುತ್ತದೆ), ಆಫ್‌ಸೆಟ್, ಉದ್ದದ ಬೈಟ್‌ಗಳು (255 ಅನ್ನುವುದು -1 ಆಗಿ ಲೂಪ್ ಬೇಗ ನಿಂತುಬಿಡುತ್ತದೆ). ಹ್ಯಾಶ್ ಲೆಕ್ಕದಲ್ಲಿ (ಆ 4 ಬೈಟ್ ಹಿಂದೆ ಎಲ್ಲಿ ಬಂದಿತ್ತು ಅಂತ ಬರೆದಿಡುವ ಹ್ಯಾಶ್ ಟೇಬಲ್‌ನ ಇಂಡೆಕ್ಸ್ ಲೆಕ್ಕ) 2654435761ರಿಂದ ಗುಣಿಸಿ ಬಲಕ್ಕೆ ಸರಿಸುವಾಗ ‘>>’ ಬೇಡ, ‘>>>’ ಬೇಕು. ಅದು ತಪ್ಪಿದರೆ ಅರೇ ಇಂಡೆಕ್ಸ್ ಮೈನಸ್ ಆಗಿ ಕೂಡಲೇ ಎಕ್ಸೆಪ್ಷನ್ ಬರುತ್ತದೆ, ಹುಡುಕುವ ಕಷ್ಟ ಇಲ್ಲ. ಸಿ ಯಲ್ಲಿ ಬರೆಯುವವರೂ ಬರೀ ‘ಚಾರ್’ ಬಳಸಬೇಡಿ, ಅನ್‌ಸೈನ್ಡ್ ಬಳಸಿ. ಬರೀ ಚಾರ್‌ಗೆ ಚಿಹ್ನೆ ಇದೆಯೋ ಇಲ್ಲವೋ ಅನ್ನುವುದು ಪ್ರೊಸೆಸರ್ ಮತ್ತು ಕಂಪೈಲರ್ ಮೇಲೆ ಹೋಗುತ್ತದೆ.

ದಯವಿಟ್ಟು ನಿಮ್ಮ ಪರೀಕ್ಷಾ ಫೈಲ್‌ಗಳಲ್ಲಿ ಒಂದಾದರೂ ಕನ್ನಡ ಪಠ್ಯ ಇಟ್ಟುಕೊಳ್ಳಿ. ಭಾಷೆಯ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಇಂಗ್ಲಿಷ್ ಪಠ್ಯ ಮುಟ್ಟದ ದಾರಿಗಳನ್ನು ಅದು ಮುಟ್ಟುತ್ತದೆ, ಹಾಳಾದರೆ ಕಣ್ಣಿಗೆ ನೇರವಾಗಿ ಕಾಣುತ್ತದೆ.

ಕೆಲವು ಉದ್ದಗಳಲ್ಲಿ ಮಾತ್ರ ಮುರಿಯುತ್ತದೆ

ಆಗೊಮ್ಮೆ ಈಗೊಮ್ಮೆ ಮುರಿಯುವ ಕೋಡ್‌ಗೆ 15 ಮತ್ತು 255ರ ಗಡಿ ನೋಡಿ. ಲಿಟರಲ್ ಸರಿಯಾಗಿ 15 ಇದ್ದರೆ ಟೋಕನ್‌ನಲ್ಲಿ 15 ಬರೆದು ಸುಮ್ಮನಾಗುವ ಹಾಗಿಲ್ಲ, ಮುಂದೆ ಒಂದು 0 ಬೈಟ್ ಬರೆಯಲೇಬೇಕು. ಸರಿಯಾಗಿ 270 ಇದ್ದರೆ 15, ಆಮೇಲೆ 255, ಆಮೇಲೆ 0. ‘ಉಳಿದದ್ದು ಸೊನ್ನೆಗಿಂತ ಜಾಸ್ತಿ ಇದ್ದರೆ ಬರೆ’ ಅಂತ ಲೂಪ್ ಬರೆದವರು ಆ 0 ಬಿಟ್ಟುಬಿಡುತ್ತಾರೆ. ಲಿಟರಲ್‌ಗೆ 14, 15, 16, 269, 270, 271 ಪರೀಕ್ಷಿಸಿ. ಮ್ಯಾಚ್‌ಗೆ 4 ಸೇರುವುದರಿಂದ 18, 19, 20, 273, 274, 275.

64 ಕೆಬಿ ದಾಟಿದರೆ ಮುರಿಯುತ್ತದೆ ಅಂದರೆ ಆಫ್‌ಸೆಟ್. ಎರಡು ಬೈಟ್‌ನಲ್ಲಿ ಹಿಡಿಸುವುದು 65535ರವರೆಗೆ. ನಿಮ್ಮ ಹ್ಯಾಶ್ ಟೇಬಲ್ 65536 ಬೈಟ್ ಹಿಂದಿನ ಜಾಗ ಕೊಟ್ಟರೆ ಅದು 16 ಬಿಟ್‌ಗೆ ಕತ್ತರಿಸಿ 0 ಆಗುತ್ತದೆ, 65537 ಆದರೆ 1 ಆಗುತ್ತದೆ. ದೂರ ಜಾಸ್ತಿ ಇದ್ದರೆ ಆ ಮ್ಯಾಚ್ ಬಿಟ್ಟು ಮುಂದೆ ಹೋಗಬೇಕು. ಡಿಕೋಡರ್ ಕೂಡ ಆಫ್‌ಸೆಟ್ 0 ಬಂದರೆ ತಿರಸ್ಕರಿಸಬೇಕು. ಇಲ್ಲದಿದ್ದರೆ ಮೆಮೊರಿಯಲ್ಲಿ ಮೊದಲು ಇದ್ದ ಯಾರದೋ ಡೇಟಾ ನಿಮ್ಮ ಔಟ್‌ಪುಟ್‌ನಲ್ಲಿ ಉಳಿದುಬಿಡಬಹುದು, ಅದು ಸಣ್ಣ ವಿಷಯ ಅಲ್ಲ.

ಮೊದಲ ಬ್ಲಾಕ್ ಸರಿ, ಎರಡನೆಯದರಿಂದ ಹಾಳು ಅನ್ನುವುದಾದರೆ ಹ್ಯಾಶ್ ಟೇಬಲ್ ಖಾಲಿ ಮಾಡಿಲ್ಲ. ಹಿಂದಿನ ಬ್ಲಾಕ್‌ನ ಜಾಗಗಳು ಅಲ್ಲೇ ಕೂತಿರುತ್ತವೆ.

ನಮ್ಮದು ಓದುತ್ತದೆ, ಬೇರೆಯವರದು ಓದುವುದಿಲ್ಲ

ಬ್ಲಾಕ್‌ನ ಕೊನೆಗೆ ಎರಡು ನಿಯಮ ಇವೆ, ತುಂಬಾ ಜನ ಇದನ್ನು ಓದದೆ ದಾಟಿಬಿಡುತ್ತಾರೆ. ಕೊನೆಯ 5 ಬೈಟ್ ಯಾವಾಗಲೂ ಲಿಟರಲ್ ಆಗಿರಬೇಕು. ಕೊನೆಯ ಮ್ಯಾಚ್ ಬ್ಲಾಕ್‌ನ ಕೊನೆಗಿಂತ ಕಡಿಮೆ ಅಂದರೂ 12 ಬೈಟ್ ಮೊದಲೇ ಶುರುವಾಗಬೇಕು. ವೇಗದ ಡಿಕೋಡರ್‌ಗಳು ದೊಡ್ಡ ಹೆಜ್ಜೆ ಇಟ್ಟು ನಕಲು ಮಾಡಲು ಈ ಜಾಗ ಬೇಕು. ನಿಮ್ಮ ಡಿಕೋಡರ್ ಒಂದೊಂದೇ ಬೈಟ್ ಹೋಗುವುದಾದರೆ ನಿಯಮ ಮುರಿದರೂ ಅದಕ್ಕೆ ಗೊತ್ತಾಗುವುದಿಲ್ಲ, ಬೇರೆಯವರ ಡಿಕೋಡರ್ ಎರರ್ ಕೊಡುತ್ತದೆ. ಇದರ ಅರ್ಥ 13 ಬೈಟ್‌ಗಿಂತ ಚಿಕ್ಕ ಇನ್‌ಪುಟ್‌ನಲ್ಲಿ ಮ್ಯಾಚ್ ಬರುವ ಹಾಗೇ ಇಲ್ಲ, ಎಲ್ಲಾ ಲಿಟರಲ್. ಖಾಲಿ ಇನ್‌ಪುಟ್‌ಗೆ ಒಂದೇ ಬೈಟ್, 0.

ಕುಗ್ಗದ ಡೇಟಾ ಬಂದಾಗ ಕಂಪ್ರೆಸರ್ ಬಫರ್ ದಾಟಿ ಬರೆಯುತ್ತಿದ್ದರೆ ಬಫರ್ ಗಾತ್ರ ನೋಡಿ. ಇನ್‌ಪುಟ್ ಜೊತೆಗೆ ಅದರ 255ನೇ ಒಂದು ಭಾಗ, ಅದರ ಮೇಲೆ 16 ಬೇಕು. 65536 ಬೈಟ್‌ಗೆ 65809.

ಬಿಚ್ಚಲು ಹೋದರೆ ಮೊದಲ ಸೀಕ್ವೆನ್ಸ್‌ನಲ್ಲೇ ‘ಆಫ್‌ಸೆಟ್ 19746, ಆದರೆ ಔಟ್‌ಪುಟ್ ಇನ್ನೂ ಖಾಲಿ’ ಅನ್ನುವ ಸ್ಥಿತಿ ಕಂಡರೆ ಕೋಡ್ ಮುಟ್ಟಬೇಡಿ. ನೀವು ಬ್ಲಾಕ್ ಡಿಕೋಡರ್‌ಗೆ ಫ್ರೇಮ್ (ಹೆಡರ್ ಹಾಕಿ ಬ್ಲಾಕ್‌ಗಳನ್ನು ಸುತ್ತಿದ ರೂಪ) ಕೊಟ್ಟಿದ್ದೀರಿ. ಕಮಾಂಡ್ ಲೈನ್ ಟೂಲ್ ಬರೆಯುವುದು ಫ್ರೇಮ್, ಅದರ ಮೊದಲ ನಾಲ್ಕು ಬೈಟ್ 4, 34, 77, 24. ಆ 4 ಅನ್ನು ಟೋಕನ್ ಅಂತ ಓದಿದರೆ ಲಿಟರಲ್ 0, ಆಮೇಲೆ 34 ಮತ್ತು 77 ಸೇರಿ ಆಫ್‌ಸೆಟ್ 19746. ಈ ಸಂಖ್ಯೆ ನನಗೆ ಈಗ ಫೋನ್ ನಂಬರ್ ಥರ ನೆನಪಿದೆ.

ಫ್ರೇಮ್ ಓದುವಾಗ ಬ್ಲಾಕ್‌ನ ಗಾತ್ರ 2147549184 ಅಂತಲೋ, ಜಾವಾದಲ್ಲಿ -2147418112 ಅಂತಲೋ ಬಂದರೆ ಅದು ಹಾಳಾದ ಫೈಲ್ ಅಲ್ಲ. ಮೇಲಿನ ಬಿಟ್ 1 ಇದ್ದರೆ ‘ಈ ಬ್ಲಾಕ್ ಕುಗ್ಗಿಸಿಲ್ಲ, ಹಾಗೇ ಇಟ್ಟಿದೆ’ ಅಂತ ಅರ್ಥ. ಆ ಬಿಟ್ ತೆಗೆದರೆ 65536. ಹೆಡರ್ ಚೆಕ್‌ಸಮ್ ಹೊಂದದಿದ್ದರೆ ಆ ಮೊದಲ 4 ಬೈಟ್‌ಗಳನ್ನೂ ಲೆಕ್ಕಕ್ಕೆ ಸೇರಿಸಿರುತ್ತೀರಿ, ಅವನ್ನು ಬಿಡಬೇಕು. ಜೊತೆಗೆ 32 ಬಿಟ್ ಎಕ್ಸ್‌ಎಕ್ಸ್‌ಹ್ಯಾಶ್‌ನ ಕೆಳಗಿನಿಂದ ಎರಡನೇ ಬೈಟ್ ತೆಗೆದುಕೊಳ್ಳಬೇಕು. ಬ್ಲಾಕ್ ಚೆಕ್‌ಸಮ್ ಇದ್ದರೆ ಅದು ಕುಗ್ಗಿಸಿದ ಬೈಟ್‌ಗಳ ಮೇಲೆ, ಕೊನೆಯ ಕಂಟೆಂಟ್ ಚೆಕ್‌ಸಮ್ ಬಿಚ್ಚಿದ ಬೈಟ್‌ಗಳ ಮೇಲೆ. ಮತ್ತೆ, ಬ್ಲಾಕ್‌ಗಳು ಸ್ವತಂತ್ರ ಅಲ್ಲ ಅಂತ ಹೆಡರ್ ಹೇಳಿದರೆ ಮ್ಯಾಚ್ ಹಿಂದಿನ ಬ್ಲಾಕ್‌ಗೂ ಕೈ ಚಾಚುತ್ತದೆ, ಕೊನೆಯ 64 ಕೆಬಿ ಉಳಿಸಿಕೊಂಡಿರಬೇಕು.

ಕೆಟ್ಟ ಇನ್‌ಪುಟ್ ಕೊಟ್ಟು ನೋಡಿ

ಸರಿಯಾದ ಫೈಲ್ ಬಿಚ್ಚಿದರೆ ಕೆಲಸ ಮುಗಿಯಲಿಲ್ಲ. ಡಿಕೋಡರ್ ಹೊರಗಿನಿಂದ ಬಂದ ಡೇಟಾ ತಿನ್ನುವ ಕೋಡ್. ಯಾರಾದರೂ ಬೇಕಂತಲೇ 255 ಬೈಟ್‌ಗಳನ್ನು ಲಕ್ಷಗಟ್ಟಲೆ ಸಾಲಾಗಿ ಇಟ್ಟರೆ ಉದ್ದ ಕೂಡುತ್ತಾ ಹೋಗಿ 32 ಬಿಟ್‌ನಲ್ಲಿ ಸುತ್ತಿ ಬರುತ್ತದೆ. 2014ರಲ್ಲಿ ಲಿನಕ್ಸ್ ಕರ್ನೆಲ್‌ನಲ್ಲಿದ್ದ ಎಲ್‌ಜೆಡ್4 ಕೋಡ್‌ನಲ್ಲೇ ಈ ಜಾತಿಯ ದೋಷ ಸಿಕ್ಕಿ ಸರಿಪಡಿಸಬೇಕಾಯಿತು. ಅಷ್ಟು ಜನ ನೋಡಿದ ಕೋಡ್‌ನಲ್ಲೇ ಇತ್ತು ಅಂದಮೇಲೆ ನಮ್ಮದನ್ನು ನಾವು ಪರೀಕ್ಷಿಸಲೇಬೇಕು ಅಲ್ವಾ? ‘ಈಗಿನ ಜಾಗ + ಉದ್ದ ಕೊನೆಗಿಂತ ಜಾಸ್ತಿಯೇ’ ಅಂತ ಕೇಳಬೇಡಿ, ಆ ಕೂಡುವುದೇ ಸುತ್ತಿಬಿಡಬಹುದು. ‘ಉಳಿದ ಜಾಗಕ್ಕಿಂತ ಉದ್ದ ಜಾಸ್ತಿಯೇ’ ಅಂತ ಕೇಳಿ. ಉದ್ದ ಕೂಡುವ ಲೂಪ್ ಒಳಗೇ ಮಿತಿ ನೋಡಿ.

ಮೇಲಿನ 13 ಬೈಟ್‌ಗಳನ್ನೇ ಮತ್ತೆ ತೆಗೆದುಕೊಂಡು 0ಯಿಂದ 12ರವರೆಗೆ ಪ್ರತಿ ಉದ್ದಕ್ಕೂ ಕತ್ತರಿಸಿ ಡಿಕೋಡರ್‌ಗೆ ಕೊಡಿ. 4 ಒಂದನ್ನು ಬಿಟ್ಟು ಪ್ರತಿ ಸಲವೂ ಎರರ್ ಬರಬೇಕು, ಕ್ರ್ಯಾಶ್ ಆಗಬಾರದು. 7ಕ್ಕೆ ಕತ್ತರಿಸಿದಾಗ ಬ್ಲಾಕ್ ಮ್ಯಾಚ್‌ನಲ್ಲಿ ಮುಗಿಯುತ್ತದೆ, ಅದನ್ನು ನಿಮ್ಮ ಕೋಡ್ ಒಪ್ಪಿಕೊಂಡರೆ ತಿದ್ದಿ. ಆದರೆ 4ಕ್ಕೆ ಕತ್ತರಿಸಿದಾಗ ‘ಸರಿ’ ಅಂತ ಬಂದು 3 ಬೈಟ್ ಸಿಗುತ್ತದೆ, ಒಂದೇ ಒಂದು ಕ. ಗಾಬರಿ ಬೇಡ, ಅದು ನಿಮ್ಮ ದೋಷ ಅಲ್ಲ. ಲಿಟರಲ್ ಮುಗಿದ ಕಡೆಯೇ ಇನ್‌ಪುಟ್ ಮುಗಿದರೆ ಅದು ಫಾರ್ಮ್ಯಾಟ್ ಪ್ರಕಾರ ಪೂರ್ತಿ ಬ್ಲಾಕ್, ತನ್ನ ಮೂಲ ಗಾತ್ರ ಎಷ್ಟು ಅನ್ನುವುದನ್ನು ಬ್ಲಾಕ್ ಎಲ್ಲೂ ಬರೆದುಕೊಂಡಿರುವುದಿಲ್ಲ. ಅದಕ್ಕೇ ಬ್ಲಾಕ್ ಉಳಿಸುವಾಗ ಪಕ್ಕದಲ್ಲೇ 30 ಅನ್ನುವ ಸಂಖ್ಯೆಯನ್ನೂ ಉಳಿಸಿ, ಬಿಚ್ಚಿದ ಮೇಲೆ 30 ಬರದಿದ್ದರೆ ಎರರ್ ಕೊಡಿ.